ಹತ್ತು ವರ್ಷದ ಮುನಿಸು, ಒಂದು ಡಬ್ಬಿ ಎಳ್ಳು

ಪ್ರಶ್ನೆ: ನನಗೆ 43 ವರ್ಷ. ಮದುವೆಯಾಗಿ ಪುಣೆಯಲ್ಲಿ 15 ವರ್ಷ ಇದ್ದು, ಕಳೆದ ಜೂನ್‌ನಲ್ಲಿ ಮಗಳ ಜೊತೆ ಮೈಸೂರಿಗೆ, ಅಪ್ಪ-ಅಮ್ಮನ ಮನೆಗೆ ವಾಪಸ್ ಬಂದಿದ್ದೇನೆ. ಚಿಕ್ಕಂದಿನಲ್ಲಿ ನಾನು ಜಾಸ್ತಿ ಹೊತ್ತು ಇರುತ್ತಿದ್ದದ್ದು ಪಕ್ಕದ ಮನೆ ಆಂಟಿ ಹತ್ತಿರವೇ. ಸಂಕ್ರಾಂತಿ ಬಂತೆಂದರೆ ಎರಡೂ ಮನೆಯವರು ನಮ್ಮ ವರಾಂಡದಲ್ಲಿ ಕೂತು ಬೆಲ್ಲ, ಕೊಬ್ಬರಿ ಹೆಚ್ಚುತ್ತಿದ್ದರು. ಸಕ್ಕರೆ ಅಚ್ಚು ಮಾತ್ರ ಆಂಟಿಯದ್ದೇ. ಅವರ ಮಗಳು, ನಾನು ಲಂಗ ಹಾಕಿಕೊಂಡು ಬೀದಿಯೆಲ್ಲ ಎಳ್ಳು ಬೀರುತ್ತಿದ್ದೆವು. 2014ರಲ್ಲಿ ನಮ್ಮ ತೆಂಗಿನ ಮರದಿಂದ ಕಾಯಿ ಬಿದ್ದು ಅವರ ಕಾರಿನ ಗಾಜು ಒಡೆಯಿತು. ಅಪ್ಪ ಒಂದು ಮಾತು ಜಾಸ್ತಿ ಆಡಿದರು, ಅಂಕಲ್ ಇನ್ನೊಂದು ಆಡಿದರು. ಅವತ್ತೇ ಮಾತು ನಿಂತಿತು. 2021ರಲ್ಲಿ ಅಂಕಲ್ ಕೋವಿಡ್‌ನಲ್ಲಿ ಹೋಗಿಬಿಟ್ಟರು. ನಾನು ಒಂದು ಫೋನ್ ಕೂಡ ಮಾಡಲಿಲ್ಲ. ಈಗ ದಿನಾ ಗೇಟಿನ ಹತ್ತಿರ ಆಂಟಿ ಕಾಣುತ್ತಾರೆ, ಇಬ್ಬರೂ ತಲೆ ತಗ್ಗಿಸಿ ಹೋಗುತ್ತೇವೆ. ಹಬ್ಬಕ್ಕೆ ಎರಡು ವಾರ ಇದೆ. ಮೊನ್ನೆ ಮಗಳು, ‘ಅವರ ಮನೆಗೆ ಎಳ್ಳು ಕೊಡೋದು ಬೇಡ್ವಾ?’ ಅಂದಳು. ನನಗೆ ಹೋಗುವ ಆಸೆ. ಅಪ್ಪ ‘ಬೇಕಾದ್ರೆ ಅವರೇ ಬರಲಿ’ ಅನ್ನುತ್ತಾರೆ. ಅಮ್ಮ ‘ಮುನಿಸು ಇರೋರಿಗೆ ಕೈಯಾರೆ ಎಳ್ಳು ಕೊಟ್ಟರೆ ಜಗಳ ಇನ್ನೂ ಹೆಚ್ಚುತ್ತೆ’ ಅನ್ನುತ್ತಾರೆ. ಆಂಟಿಗೆ ಈಗ ಕುಂಕುಮ ಕೊಡಬೇಕೋ ಬೇಡವೋ ಅದೂ ಗೊತ್ತಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟರೆ? ಮಗಳ ಎದುರಿಗೇ ಹಾಗಾದರೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತೆಂಗಿನಕಾಯಿ, ಕಾರಿನ ಗಾಜು, ಯಾರು ಎಷ್ಟು ಮಾತಾಡಿದರು ಅನ್ನುವುದನ್ನು ಬಿಡಿಸಿ ಬರೆದಿದ್ದೀರಿ. ಅಂಕಲ್ ಸಾವಿನ ಬಗ್ಗೆ ಇರುವುದು ಎರಡೇ ಸಾಲು. ಆದರೆ ಗೇಟಿನ ಹತ್ತಿರ ನಿಮ್ಮ ತಲೆ ತಗ್ಗಿಸುತ್ತಿರುವುದು ಆ ಎರಡು ಸಾಲೇ ಅಂತ ನನಗೆ ಅನಿಸುತ್ತದೆ. ಕಾರಿನ ಗಾಜು ಒಡೆದಾಗ ನೀವು ಊರಲ್ಲೇ ಇರಲಿಲ್ಲ. ಆ ಜಗಳ ನಿಮ್ಮದಲ್ಲ. ಫೋನ್ ಮಾಡದೆ ಉಳಿದದ್ದು ಮಾತ್ರ ನಿಮ್ಮದು.

ನೀವು ಕೇಳಿರುವುದು ಎಳ್ಳು ಕೊಡಬಹುದೇ ಅಂತ. ಖಂಡಿತ ಕೊಡಬಹುದು, ಕೊಡಿ. ಆದರೆ ಅದಕ್ಕೆ ಮೊದಲು ಇನ್ನೊಂದು ಸಲ ಆ ಮನೆಗೆ ಹೋಗಿಬರಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೈಸೂರಿನಲ್ಲಿ ಕುಟುಂಬಗಳ ಜೊತೆ ಆಪ್ತಸಮಾಲೋಚನೆ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಪಕ್ಕದ ಮನೆಯವರ ಜೊತೆ ಮುನಿಸು ಅಂತ ಹೇಳಿಕೊಂಡು ಯಾರೂ ನನ್ನ ಹತ್ತಿರ ಬರುವುದಿಲ್ಲ. ನಿದ್ದೆ ಬರಲ್ಲ ಅಂತ ಬರುತ್ತಾರೆ, ಮನೆಯೊಳಗೆ ಉಸಿರು ಕಟ್ಟುತ್ತೆ ಅಂತ ಬರುತ್ತಾರೆ. ನಾಲ್ಕನೇ ಭೇಟಿಗೆ ಕಾಂಪೌಂಡಿನ ವಿಷಯ ಹೊರಬೀಳುತ್ತದೆ. ಒಬ್ಬರು ಬೆಳಿಗ್ಗೆ ಐದೂವರೆಗೇ ಎದ್ದು ಕತ್ತಲಲ್ಲೇ ರಂಗೋಲಿ ಹಾಕಿಬಿಡುತ್ತಿದ್ದರು. ಆರು ಗಂಟೆಗೆ ಪಕ್ಕದ ಮನೆಯವರು ನೀರು ಹಾಕಲು ಬರುತ್ತಾರೆ, ಅವರ ಮುಖ ನೋಡುವುದು ಬೇಡ ಅಂತ. ಎಂಟು ವರ್ಷ ಹಾಗೆ ಎದ್ದಿದ್ದರು. ಬಾಗಿಲು ತೆಗೆಯುವ ಮೊದಲು ಪಕ್ಕದ ಗೇಟಿನ ಚಿಲಕದ ಸದ್ದು ಕೇಳಿಸಿಕೊಳ್ಳುವುದು ಅವರಿಗೆ ಅಭ್ಯಾಸವೇ ಆಗಿಹೋಗಿತ್ತು. ಮುನಿಸಿಗೆ ಇಷ್ಟು ದುಡಿಮೆ ಬೇಕಾಗುತ್ತದೆ ಅನ್ನುವುದು ನಮ್ಮ ಗಮನಕ್ಕೇ ಬರುವುದಿಲ್ಲ.

ಮೊದಲು ಅಮ್ಮನ ಮಾತು. ಎಳ್ಳು, ಉಪ್ಪು, ಎಣ್ಣೆ ಇವನ್ನೆಲ್ಲ ಕೈಯಿಂದ ಕೈಗೆ ಕೊಡಬಾರದು ಅನ್ನುವ ನಂಬಿಕೆ ನಮ್ಮಲ್ಲಿ ಹಳೆಯದು. ಎಳ್ಳು ಶನಿಗೆ, ಪಿತೃಕಾರ್ಯಕ್ಕೆ ಸೇರಿದ್ದು ಅನ್ನುವ ಭಾವನೆಯೂ ಅದರ ಹಿಂದೆ ಇದೆ. ಅಮ್ಮ ಹೇಳಿದ್ದು ತಪ್ಪು ಅಂತ ಜಗಳಕ್ಕೆ ನಿಲ್ಲಬೇಡಿ. ಬೇರೆ ದಿನ ಕೈಗೆ ಕೊಡಲು ಹಿಂಜರಿಯುವ ಅದೇ ಎಳ್ಳನ್ನು ಸಂಕ್ರಾಂತಿಯ ದಿನ ಹುರಿದು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆಸಿ, ಇಡೀ ಬೀದಿಗೆ ನಾವೇ ಹಂಚಿಬರುತ್ತೇವೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅನ್ನುತ್ತೇವೆ. ಮಾತು ಕೆಟ್ಟಿರುವ ಮನೆಗಳೂ ಇರುತ್ತವೆ ಅಂತ ಗೊತ್ತಿದ್ದೇ ಈ ಮಾತು ಹುಟ್ಟಿರಬೇಕು ಅಲ್ವಾ? ಅಷ್ಟಕ್ಕೂ ನೀವು ಕೊಡುವುದು ಡಬ್ಬಿಯಲ್ಲಿ. ಅಮ್ಮನಿಗೆ ಅಷ್ಟು ಹೇಳಿದರೆ ಸಾಕು.

ಅಪ್ಪನ ಮಾತು, ಮೊದಲು ಹೋದವರು ಸೋತಂತೆ ಅನ್ನುವುದು. ಇದು ಬರೀ ನಿಮ್ಮ ಅಪ್ಪನದ್ದಲ್ಲ, ನಮ್ಮ ಬೀದಿ ಬೀದಿಯಲ್ಲೂ ಇರುವ ಮಾತು. ನಾನು ಕಂಡಂತೆ ಎರಡೂ ಮನೆಯವರು ಇದೇ ಮಾತು ಆಡುತ್ತಿರುತ್ತಾರೆ, ಒಂದೇ ಗೋಡೆಯ ಎರಡು ಕಡೆ ಕೂತು. ಇನ್ನೊಬ್ಬರು ಹೆಜ್ಜೆ ಇಟ್ಟರೆ ಸಾಕು ಅಂತ ಇಬ್ಬರಿಗೂ ಒಳಗೆ ಇರುತ್ತದೆ.

ಇನ್ನೊಂದು ಭಯ ಪತ್ರದಲ್ಲಿ ನೀವು ಬರೆಯದಿದ್ದರೂ ನನಗೆ ಕಂಡಿತು. ಇಷ್ಟು ವರ್ಷ ಆದಮೇಲೆ ನಾನು ಹೋದರೆ ಅವರಿಗೆ ಇಷ್ಟ ಆಗುತ್ತದಾ ಅನ್ನುವುದು. ಇದರ ಬಗ್ಗೆ ಒಳ್ಳೆಯ ಅಧ್ಯಯನಗಳು ನಡೆದಿವೆ. 2022ರಲ್ಲಿ ಅಮೆರಿಕದ ಸಂಶೋಧಕಿ ಪೆಗ್ಗಿ ಲಿಯು ಮತ್ತು ಜೊತೆಗಾರರು ಸಂಪರ್ಕ ತಪ್ಪಿದ ಪರಿಚಿತರನ್ನು ಮತ್ತೆ ಮಾತಾಡಿಸುವ ಬಗ್ಗೆ ಪ್ರಯೋಗ ಮಾಡಿದರು. ಒಂದು ಸಣ್ಣ ಪತ್ರ, ಕೆಲವು ಕಡೆ ಜೊತೆಗೆ ಒಂದು ಸಣ್ಣ ಉಡುಗೊರೆ, ಅಷ್ಟೇ. ಕಳಿಸಿದವರು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಖುಷಿ ಪಡೆದವರಿಗೆ ಆಗಿತ್ತು. ಎದುರು ನೋಡದೆ ಬಂದಾಗ ಆ ಖುಷಿ ಇನ್ನೂ ದೊಡ್ಡದು. ಇದನ್ನು ಹಾಗೇ ನಿಮಗೆ ಅನ್ವಯಿಸುವುದಿಲ್ಲ, ಯಾಕೆಂದರೆ ಅವರು ಜಗಳ ಆಡಿ ದೂರವಾದವರಲ್ಲ. ಆದರೂ ಒಂದು ಪಾಠ ಇಲ್ಲಿದೆ. ಹೋಗುವವರ ತಲೆಯಲ್ಲಿ ಬರೀ ಮುಜುಗರ ತುಂಬಿರುತ್ತದೆ. ಬಾಗಿಲು ತೆರೆಯುವವರ ಕಣ್ಣಿಗೆ ಬೀಳುವುದು ಬಂದ ಮನುಷ್ಯರು.

ಈಗ ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ಬರೋಣ. ಒಂದು ಕಾಯಿ ಬಿದ್ದಿದ್ದಕ್ಕೆ ಹತ್ತು ವರ್ಷದ ಮೌನವೇ ಅಂತ ಹೊರಗಿನವರು ಕೇಳಬಹುದು. ಅಕ್ಕಪಕ್ಕದಲ್ಲಿ ಇರುವುದೇ ಸ್ನೇಹಕ್ಕೂ ಕಾರಣ, ಜಗಳಕ್ಕೂ ಕಾರಣ. 1950ರಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ವಿದ್ಯಾರ್ಥಿ ಕುಟುಂಬಗಳ ವಸತಿಯೊಂದನ್ನು ಅಧ್ಯಯನ ಮಾಡಿ, ಬಾಗಿಲಿಗೆ ಬಾಗಿಲು ಹತ್ತಿರ ಇದ್ದಷ್ಟೂ ಸ್ನೇಹ ಹೆಚ್ಚು ಅಂತ ತೋರಿಸಿದರು. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಬ್ಬೆಸನ್ ಅನ್ನುವವರ ತಂಡ, ನಿಮಗೆ ಆಗದವರು ಯಾರು ಅಂತಲೂ ಕೇಳಿತು. ಅವರೂ ಹತ್ತಿರದಲ್ಲೇ ಇದ್ದರು! ನಾಯಿ ಬೊಗಳುವುದು, ಗಾಡಿ ನಿಲ್ಲಿಸುವುದು, ಸದ್ದುಗದ್ದಲ, ಇಂಥವು ದೂರದವರಿಂದ ಬರುವುದಿಲ್ಲವಲ್ಲ. ಬೇರೆ ಬೀದಿಯ ತೆಂಗಿನಕಾಯಿ ನಿಮ್ಮ ಆಂಟಿಯ ಕಾರಿನ ಮೇಲೆ ಬೀಳಲು ಸಾಧ್ಯವೇ ಇಲ್ಲ.

ಇನ್ನೊಂದು ಕಾರಣ ನಮ್ಮದೇ ನೆಲದ್ದು. ಮದುವೆಗೆ ಹೋಗದಿದ್ದರೆ ನಮ್ಮಲ್ಲಿ ಬೈದು ಮರೆಯುತ್ತಾರೆ. ಸಾವಿಗೆ ಹೋಗದಿದ್ದರೆ ಬೈಯುವುದೂ ಇಲ್ಲ, ಮರೆಯುವುದೂ ಇಲ್ಲ. ಕೋವಿಡ್ ಕಾಲದಲ್ಲಿ ಇದು ಸಾವಿರಾರು ಮನೆಗಳಲ್ಲಿ ಆಯಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಸ್ವಂತ ಮಕ್ಕಳೇ ಮುಖ ನೋಡಲಾಗಲಿಲ್ಲ, ನೆಂಟರು ಬರಲಿಲ್ಲ, ಹದಿಮೂರನೇ ದಿನ ಜನ ಸೇರಲಿಲ್ಲ. ಸಾವಿನ ಮನೆಯಲ್ಲಿ ನಾಲ್ಕು ಜನ ಬಂದು ಸುಮ್ನೆ ಕೂರುತ್ತಾರಲ್ಲ, ಆ ಕೂರುವುದೇ ನಡೆಯಲಿಲ್ಲ. ಆ ಕಾಲದಲ್ಲಿ ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರು ಇವತ್ತಿಗೂ ನನ್ನ ಎದುರು ಕೂತು, ‘ಯಾರೂ ಬರಲಿಲ್ಲ’ ಅಂತಲೇ ಮಾತು ಶುರು ಮಾಡುತ್ತಾರೆ. ನಿಮ್ಮ ಆಂಟಿಯ ಮನಸ್ಸಿನಲ್ಲಿ ಏನಿದೆ ಅಂತ ನಾನು ಹೇಳಲಾರೆ. ಆದರೆ ‘ಯಾರೂ’ ಅನ್ನುವುದರಲ್ಲಿ ಪಕ್ಕದ ಮನೆಯೂ ಸೇರಿರುತ್ತದೆ.

ಅದಕ್ಕೇ ಹೇಳಿದ್ದು, ಹಬ್ಬಕ್ಕೆ ಮೊದಲು ಒಂದು ಸಲ ಹೋಗಿ ಅಂತ. ಅರಿಶಿನ ಕುಂಕುಮ, ಕಬ್ಬು, ಬಾಳೆಹಣ್ಣು ಇರುವ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಸಾವಿನ ಮಾತು ತೆಗೆಯುವುದು ಕಷ್ಟ. ತೆಗೆಯದೆ ನಗುತ್ತಾ ಎಳ್ಳು ಕೊಟ್ಟು ಬಂದರೆ, ಇವಳಿಗೆ ಅದು ನೆನಪೇ ಇಲ್ಲವಲ್ಲ ಅಂತ ಅವರಿಗೆ ಅನಿಸಬಹುದು. ಸಂತೋಷಕ್ಕೂ ದುಃಖಕ್ಕೂ ಒಂದೊಂದು ದಿನ ಕೊಡಿ.

ಈ ವಾರವೇ ಒಂದು ಮಧ್ಯಾಹ್ನ ಮೂರೂವರೆ, ನಾಲ್ಕರ ಹೊತ್ತಿಗೆ ಹೋಗಿ. ಒಬ್ಬರೇ ಹೋಗಿ. ಏನೂ ತಗೊಂಡು ಹೋಗಬೇಡಿ. ಹೇಳಬೇಕಾದ್ದು ಇಷ್ಟೇ: ‘ಆಂಟಿ, ಅಂಕಲ್ ಹೋದಾಗ ನಾನು ಒಂದು ಫೋನೂ ಮಾಡಲಿಲ್ಲ. ತಪ್ಪಾಯ್ತು. ಅದು ಮನಸ್ಸಲ್ಲಿ ಹಾಗೇ ಇದೆ.’ ಆಮೇಲೆ ಸುಮ್ಮನಿರಿ. ‘ಆಗ ಲಾಕ್‌ಡೌನ್ ಇತ್ತು’, ‘ಮಗಳು ಚಿಕ್ಕವಳು’, ‘ಅಪ್ಪ ಬೇಡ ಅಂದರು’, ಇವೆಲ್ಲ ನಿಜವೇ ಇರಬಹುದು, ಆದರೆ ಅವತ್ತು ಬೇಡ. ಕಾರಣ ಹೇಳಲು ಶುರು ಮಾಡಿದರೆ ಆಂಟಿಯೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅವರು ಅಳಬಹುದು. ಅತ್ತರೆ ಎದ್ದು ಬರಬೇಡಿ, ಪಕ್ಕದಲ್ಲಿ ಕೂತಿರಿ. ಎರಡು ಮಾತು ಗಟ್ಟಿಯಾಗಿ ಅಂದರೂ ಅನ್ನಬಹುದು. ತಂದೆಯ ಕೊನೆಗಾಲದಲ್ಲಿ ಓಡಾಡಿದ ಮಗನೋ ಮಗಳೋ ಮನೆಯಲ್ಲಿದ್ದರೆ ಅವರಿಗೆ ಸಿಟ್ಟು ಆಂಟಿಗಿಂತ ಜಾಸ್ತಿ ಇರಬಹುದು. ಈ ಭೇಟಿಯಲ್ಲಿ ಇರುವ ಅಪಾಯ ಅದೇ. ಆ ಮಾತು ಕೇಳಿಸಿಕೊಳ್ಳಲು ಗಟ್ಟಿಯಾಗಿ ಹೋಗಿ, ಉತ್ತರ ಕೊಡಲು ಅಲ್ಲ. ತೆಂಗಿನ ಮರದ ಮಾತು ಅವರೇ ತೆಗೆದರೆ, ‘ಅದನ್ನ ಇನ್ನೊಂದು ದಿನ ಕೂತು ಮಾತಾಡೋಣ ಆಂಟಿ’ ಅನ್ನಿ. ಆಮೇಲೆ ನಿಜವಾಗಿಯೂ ಕೂತು ಮಾತಾಡಿ. ಮರ ಇನ್ನೂ ಅಲ್ಲೇ ಇದ್ದರೆ ಕಾಯಿಯನ್ನು ಕಾಲಕಾಲಕ್ಕೆ ಇಳಿಸುವ ಏರ್ಪಾಡು ನಿಮ್ಮ ಕಡೆಯಿಂದ ಆಗಬೇಕು. ಎಳ್ಳು ಹಂಚಿದ ಮಾತ್ರಕ್ಕೆ ಕಾಯಿ ಬೀಳುವುದು ನಿಲ್ಲುವುದಿಲ್ಲ.

ಒಬ್ಬರೇ ನೇರವಾಗಿ ಹೋಗಲು ಧೈರ್ಯ ಬರದಿದ್ದರೆ, ಅವರ ಮಗಳಿಗೆ, ನಿಮ್ಮ ಗೆಳತಿಗೆ, ಮೊದಲು ಫೋನ್ ಮಾಡಬಹುದು. ಅಮ್ಮ ಹೇಗಿದ್ದಾರೆ, ಹೋದರೆ ನೊಂದುಕೊಳ್ಳುತ್ತಾರಾ ಅಂತ ಅವರಿಗೆ ಗೊತ್ತಿರುತ್ತದೆ. ಫೋನ್ ಮಾಡಿ, ಮೆಸೇಜ್ ಬೇಡ. ಇಂಥ ಮೆಸೇಜ್ ಮನೆಯವರ ಗ್ರೂಪಿಗೆ ಹೋಗುತ್ತದೆ, ನಾಲ್ಕು ಜನ ನಾಲ್ಕು ಅರ್ಥ ಮಾಡುತ್ತಾರೆ, ನೀವು ಹೋಗುವ ಮೊದಲೇ ಒಂದು ತೀರ್ಮಾನ ಆಗಿಬಿಟ್ಟಿರುತ್ತದೆ. ಮಗಳನ್ನೊಬ್ಬಳನ್ನೇ ಎಳ್ಳು ಕೊಟ್ಟು ಕಳಿಸುವುದು ಇನ್ನೊಂದು ದಾರಿ. ಹುಡುಗಿಯರು ಎಳ್ಳು ಬೀರುವುದು ನಮ್ಮ ರೂಢಿಯೇ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ನಿಮ್ಮ ವಿಷಯದಲ್ಲಿ ನನಗೆ ಅದು ಒಪ್ಪಿಗೆಯಿಲ್ಲ. ದೊಡ್ಡವರ ಭಾರವನ್ನು ಆ ಸಣ್ಣ ತಟ್ಟೆಯಲ್ಲಿ ಇಡಬಾರದು. ಆ ಕಡೆಯಿಂದ ಒಂದು ಮುಖ ಸಪ್ಪಗಾದರೂ ಮಗು ಅದನ್ನು ತನ್ನದೇ ತಪ್ಪು ಅಂದುಕೊಳ್ಳುತ್ತದೆ.

ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ ಅಥವಾ ಆ ಮನೆಯಲ್ಲಿ ಹೊಡೆಯಲು, ಬೆದರಿಸಲು ಬಂದವರು ಇದ್ದರೆ ನಾನು ಹೋಗಿ ಅನ್ನುತ್ತಿರಲಿಲ್ಲ. ನಿಮ್ಮದು ಹಾಗಲ್ಲ.

ಇನ್ನು ಹಬ್ಬದ ಸಂಜೆ. 2024ರಲ್ಲಿ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಲಾರಾ ಆಕ್ನಿನ್ ಪ್ರಕಟಿಸಿದ ಅಧ್ಯಯನದಲ್ಲಿ ನಿಮಗೆ ಉಪಯೋಗವಾಗುವ ಒಂದು ವಿಷಯ ಇದೆ. ಹಳೆಯ ಗೆಳೆಯರಿಗೆ ಒಂದು ಮೆಸೇಜ್ ಕಳಿಸಿ ಅಂದಾಗ, ಆಸೆ ಇದ್ದರೂ, ನಂಬರ್ ಇದ್ದರೂ, ಸಮಯ ಕೊಟ್ಟರೂ ಕಳಿಸಿದವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಬುದ್ಧಿಮಾತಿನಿಂದ ಅದು ಬದಲಾಗಲಿಲ್ಲ. ಆದರೆ ಮೊದಲು ಈಗಿನ ಸ್ನೇಹಿತರಿಗೆ ಕೆಲವು ನಿಮಿಷ ಮೆಸೇಜ್ ಕಳಿಸಿ ಕೈ ಪಳಗಿಸಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಳೆಯ ಗೆಳೆಯರಿಗೂ ಕಳಿಸಿದರು. ನೀವೂ ಹಾಗೇ ಮಾಡಿ. ಮೊದಲು ಸಲುಗೆ ಇರುವ ಮೂರು ಮನೆಗೆ ಎಳ್ಳು ಕೊಟ್ಟು ಬನ್ನಿ. ‘ಬಾಮ್ಮ, ಕೂತ್ಕೋ, ಮಗಳು ಎಷ್ಟು ಉದ್ದ ಆಗಿದ್ದಾಳೆ’ ಅಂತ ಮೂರು ಕಡೆ ಅನ್ನಿಸಿಕೊಂಡಮೇಲೆ ನಾಲ್ಕನೇ ಗೇಟು ಅಷ್ಟು ಭಾರ ಅನಿಸುವುದಿಲ್ಲ.

ಜನವರಿ ಮಧ್ಯದಲ್ಲಿ ಮೈಸೂರಲ್ಲಿ ಆರೂಕಾಲರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ದೀಪ ಹಚ್ಚಿದ ಮೇಲೆ, ಆರೂಮುಕ್ಕಾಲಿನ ಹೊತ್ತಿಗೆ, ಮಗಳನ್ನು ಕರೆದುಕೊಂಡು ಹೋಗಿ. ಅವರ ಮನೆಯಲ್ಲಿ ಆಗ ಬೇರೆಯವರೂ ಇರಬಹುದು. ಇದರಿಂದ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ನಾಲ್ಕು ಜನರ ಎದುರು ಆಂಟಿ ಸಲೀಸಾಗಿ ಬರಮಾಡಿಕೊಳ್ಳಬಹುದು, ಇಲ್ಲ ಗಲಿಬಿಲಿಯಾಗಬಹುದು. ಬಾಗಿಲಲ್ಲಿ ಚಪ್ಪಲಿ ಜಾಸ್ತಿ ಕಂಡರೆ ಕಾಲು ಗಂಟೆ ಬಿಟ್ಟು ಹೋಗಿ.

ಒಂದು ಕೋರಿಕೆ. ಅಂಗಡಿಯ ಪ್ಯಾಕೆಟ್ ಎಳ್ಳು ಕೊಡಬೇಡಿ. ಬಾಗಿಲಲ್ಲಿ ಪ್ಯಾಕೆಟ್ ಕೊಟ್ಟು, ಪ್ಯಾಕೆಟ್ ಇಸಿದುಕೊಂಡು, ಹ್ಯಾಪಿ ಸಂಕ್ರಾಂತಿ ಅಂದರೆ ಅಲ್ಲಿಗೆ ಮುಗಿಯಿತು. ಮುಚ್ಚಳ ಇರುವ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಕೊಡಿ. ಡಬ್ಬಿ ವಾಪಸ್ ಬರಬೇಕಲ್ಲ. ನಮ್ಮಲ್ಲಿ ಯಾರೂ ಪಾತ್ರೆಯನ್ನು ಖಾಲಿ ಕೊಡುವುದಿಲ್ಲ, ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಅವರು ಅಲ್ಲೇ ತಮ್ಮ ಎಳ್ಳನ್ನು ತುಂಬಿಕೊಟ್ಟರೂ ಸಂತೋಷ, ‘ಆಮೇಲೆ ಕಳಿಸ್ತೀನಿ’ ಅಂದರೆ ಇನ್ನೂ ಸಂತೋಷ. ಹಾಗಂದರೆ ಅವರ ಮನೆಯಿಂದ ನಿಮ್ಮ ಮನೆಗೆ ಒಬ್ಬರು ಬರುತ್ತಾರೆ ಅಂತ. ನಾನು ಮೊದಲು ಹೇಳಿದ, ಕತ್ತಲಲ್ಲಿ ರಂಗೋಲಿ ಹಾಕುತ್ತಿದ್ದವರ ಮನೆಗೆ ಡಬ್ಬಿ ವಾಪಸ್ ಬಂದಿದ್ದು ಹಬ್ಬ ಕಳೆದು ಹದಿನೇಳನೇ ದಿನಕ್ಕೆ. ಒಳಗೆ ನಾಲ್ಕು ಚಕ್ಕುಲಿ ಇತ್ತು. ಅವರು ಆ ಡಬ್ಬಿಯನ್ನು ನನಗೆ ತಂದು ತೋರಿಸಿದರು.

ಕುಂಕುಮದ ವಿಷಯ. ಗಂಡ ಹೋದ ಹೆಂಗಸಿಗೆ ಕುಂಕುಮ ಕೊಡಬಾರದು ಅಂತ ಹಬ್ಬದ ದಿನ ಬಾಗಿಲಲ್ಲೇ ಅವರನ್ನು ದಾಟಿ, ಒಳಗಿರುವ ಸೊಸೆಗೆ ಮಾತ್ರ ಕೊಡುತ್ತಾರಲ್ಲ, ಅದು ಚುಚ್ಚುವಷ್ಟು ಬೇರೆ ಯಾವುದೂ ಚುಚ್ಚುವುದಿಲ್ಲ. ಹಾಗೆ ದಾಟಿಸಿಕೊಂಡವರು ನನ್ನ ಹತ್ತಿರ ಬಂದು ಅತ್ತಿದ್ದಾರೆ. ಇನ್ನು ಕೆಲವರಿಗೆ ತಾವೇ ಇಟ್ಟುಕೊಳ್ಳಬಾರದು ಅನ್ನುವ ನಂಬಿಕೆ ಗಟ್ಟಿಯಾಗಿರುತ್ತದೆ. ಅವರಿಗೆ ಬಲವಂತವಾಗಿ ಹಚ್ಚಿದರೂ ನೋವೇ. ಅದಕ್ಕೆ ತಟ್ಟೆಯಲ್ಲಿ ಅರಿಶಿನ ಕುಂಕುಮದ ಬಟ್ಟಲು ಇಟ್ಟು, ತಟ್ಟೆಯನ್ನೇ ಅವರ ಮುಂದೆ ಹಿಡಿಯಿರಿ, ಬೇರೆ ಎಲ್ಲರಿಗೂ ಹಿಡಿದ ಹಾಗೇ. ತಗೊಳ್ಳುವುದು ಬಿಡುವುದು ಅವರ ಇಷ್ಟ. ಡಬ್ಬಿ ಕೊಟ್ಟಮೇಲೆ ಕಾಲಿಗೆ ನಮಸ್ಕಾರ ಮಾಡಿ, ಮಗಳ ಕೈಲೂ ಮಾಡಿಸಿ.

ಬಾಗಿಲಲ್ಲೇ ನಿಲ್ಲಿಸಿದರೆ ಅಂತ ಕೇಳಿದ್ದೀರಿ. ಆಗಬಹುದು. ನಾನು ಸುಳ್ಳು ಧೈರ್ಯ ಕೊಡಲಾರೆ. ಡಬ್ಬಿ ಇಸಿದುಕೊಂಡು ‘ಆಯ್ತಮ್ಮ’ ಅಂದು ಒಳಗೆ ಹೋದರೆ, ಅಷ್ಟನ್ನೇ ತಗೊಂಡು ಬನ್ನಿ. ಡಬ್ಬಿ ಒಳಗೆ ಹೋಯಿತಲ್ಲ, ಒಂದು ಸಂಜೆಗೆ ಅಷ್ಟು ಸಾಕು. ಮಗಳಿಗೆ ಹೊರಡುವ ಮೊದಲೇ ಹೇಳಿ: ‘ಅಜ್ಜಿಗೆ ನಮ್ಮ ಮೇಲೆ ಸ್ವಲ್ಪ ಬೇಜಾರಿದೆ, ಮಾತಾಡಿಸದೆ ಇರಬಹುದು, ಆದ್ರೂ ನಾವು ಕೊಟ್ಟು ಬರೋಣ.’ ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಶಾಲೆಯಲ್ಲಿ ವಾರಕ್ಕೊಂದು ಸಲ ಟೂ ಬಿಟ್ಟು ಮತ್ತೆ ಸೇರುವವರು ಅವರು.

ಅಪ್ಪನಿಗೆ ತಿಳಿಯದ ಹಾಗೆ ಹೋಗಬೇಡಿ. ‘ನಾನು ಹೋಗ್ತಿದ್ದೀನಿ ಅಪ್ಪ, ನೀವು ಬರಬೇಕಾಗಿಲ್ಲ’ ಅಂತ ಹೇಳಿ ಹೋಗಿ. ಸಿಡುಕಬಹುದು, ಎರಡು ದಿನ ಮುಖ ಕೊಟ್ಟು ಮಾತಾಡದೆ ಇರಬಹುದು. ಅವರಿಗೂ ಒಂದು ದುಃಖ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಅಷ್ಟು ವರ್ಷ ಜೊತೆಗಿದ್ದ ಗೆಳೆಯ, ಕೊನೆಯ ಮಾತು ಜಗಳದ್ದೇ ಆಗಿ ಹೋಗಿಬಿಟ್ಟರು. ಅದನ್ನು ಸರಿ ಮಾಡಿಕೊಳ್ಳಲು ಅವರಿಗೆ ಈಗ ಆ ಮನುಷ್ಯ ಇಲ್ಲ. ‘ಅವರೇ ಬರಲಿ’ ಅನ್ನುವಾಗ ನಿಮ್ಮ ಅಪ್ಪ ಯಾರನ್ನು ಕುರಿತು ಅನ್ನುತ್ತಿದ್ದಾರೋ, ಒಂದು ದಿನ ಹತ್ತಿರ ಕೂತು ಕೇಳಿ.

ಇನ್ನು ನಿಮ್ಮ ಆಸೆಯ ಬಗ್ಗೆ ಒಂದು ಮಾತು. ಅದನ್ನು ಬರೆಯಲು ನಿಮಗೆ ಸಂಕೋಚವಾದಂತಿದೆ. ನಾಲ್ಕೈದು ವರ್ಷದ ನಿಮ್ಮನ್ನು ಕಂಡವರು ಇವತ್ತು ಎಷ್ಟು ಜನ ಉಳಿದಿದ್ದಾರೆ? ನಿಮ್ಮ ಅಜ್ಜಿಯ ಕೈರುಚಿ, ಆ ವರಾಂಡದಲ್ಲಿ ಬೆಲ್ಲ ಹೆಚ್ಚುವಾಗ ನೀವು ಕದ್ದು ತಿಂದ ತುಂಡು, ಇವೆಲ್ಲ ಆಂಟಿಗೆ ನೆನಪಿರುತ್ತವೆ. ಇಂಥವರ ಜೊತೆ ಹಬ್ಬದ ಸಂಜೆ ಅರ್ಧ ಗಂಟೆ ಕೂತರೆ ಏನು ಮಾತು ಬರುತ್ತದೆ ಗೊತ್ತಾ? ಮಂಡಿನೋವು, ಹಾಲಿನವನು, ಯಾರ ಮಗಳಿಗೆ ಎಲ್ಲಿ ಕೆಲಸ, ಅಷ್ಟೇ. ಆದರೆ ಎದ್ದು ಬರುವಾಗ ಎದೆ ಹಗುರವಾಗಿರುತ್ತದೆ. ವರ್ಷಗಟ್ಟಲೆ ನನ್ನ ಹತ್ತಿರ ಬಂದು ಮಾತಾಡಿದರೂ ಸಿಗದ ನೆಮ್ಮದಿ ಅಂಥ ಒಂದು ಸಂಜೆ ಸಿಕ್ಕಿದ್ದನ್ನು ನಾನು ನೋಡಿದ್ದೇನೆ.

ಕೊನೆಗೆ, ಈ ವಾರದ ಮೊದಲ ಭೇಟಿಯಲ್ಲಿ ಆಂಟಿ ಕೂರಿಸಿ ಮಾತಾಡಿಸಿದರೆ, ಏಳುವ ಮೊದಲು ಕೇಳಿ: ‘ಸಕ್ಕರೆ ಅಚ್ಚಿನ ಮಣೆ ಇನ್ನೂ ಇದೆಯಾ ಆಂಟಿ? ಒಂದೆರಡು ದಿನಕ್ಕೆ ಕೊಡ್ತೀರಾ?’ ಅವರು ಅತ್ತಿದ್ದರೆ, ಬೇಸರದಲ್ಲಿದ್ದರೆ ಅವತ್ತು ಬೇಡ, ಅಚ್ಚಿಗೆಂದೇ ಬಂದಳು ಅನಿಸಿಬಿಡುತ್ತದೆ. ಮನಸ್ಸು ತಿಳಿಯಾಗಿ ಕಂಡರೆ ಮಾತ್ರ ಕೇಳಿ. ಕೊಟ್ಟರೆ, ಮರದ ಅಚ್ಚನ್ನು ಮೊದಲು ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಸಕ್ಕರೆ ಅಂಟಿಕೊಂಡು ಗಿಳಿಯ ಕೊಕ್ಕು, ಆನೆಯ ಸೊಂಡಿಲು ಮುರಿದು ಬರುತ್ತದೆ. ಎಷ್ಟು ಹೊತ್ತು ನೆನೆಸಬೇಕು, ಪಾಕಕ್ಕೆ ಹಾಲು ಯಾವಾಗ ಹಾಕಿ ಕೊಳೆ ತೆಗೆಯಬೇಕು, ಅದನ್ನೆಲ್ಲ ಯೂಟ್ಯೂಬ್‌ನಲ್ಲಿ ಹುಡುಕಬೇಡಿ. ಆಂಟಿಯನ್ನೇ ಕೇಳಿ.